ಅಭಿಮನ್ಯು ಈ ಸಲ ಹೊರಬಂದಾನೆಯೇ?

ಸಂಕೇಶ್ವರ, ಹುಕ್ಕೇರಿ, ಗೋಕಾಕ ಭಾಗದ ಹಳ್ಳಿಗಳಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಕಿರೀಟ, ಭುಜಕೀರ್ತಿ ತೊಟ್ಟ ವೀರ ಅಟ್ಟದ ಮೇಲೆ ಕುಣಿಯುತ್ತ ಬಂದು ನಿಲ್ಲುತ್ತಾನೆ. ಸಾರಥಿ ಕೈಮುಗಿದು ವಿಚಾರಿಸುತ್ತಾನೆ: ತಾವು ಯಾರು? ಯಾವ ದೇಶದವರು? ಇಲ್ಲಿಗೆ ಬಂದ ಕಾರಣವೇನು? ವೀರ ತನ್ನ ಹೆಸರು, ಕುಲ, ಪರಾಕ್ರಮಗಳನ್ನು ಹೇಳಿಕೊಂಡ ಮೇಲೆಯೇ ಆಟ ಮುಂದಕ್ಕೆ ಸಾಗುವುದು.

ಇವೇ ಪ್ರಶ್ನೆಗಳ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಆಡುವ ಆಟವೊಂದಿದೆ. ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್. ನಾವು ಪಾತ್ರದಾಟ ಎನ್ನೋಣ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೂಲಪುರುಷ. ಒಬ್ಬರು ಸೂತ್ರಧಾರರಾಗಿ ಸನ್ನಿವೇಶ ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಮಾತಿನಲ್ಲೇ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ನಿರ್ಧರಿಸುತ್ತದೆ.

ಕಾದಂಬರಿಯಿಂದ ಮೇಜಿಗೆ

ಈ ಆಟಕ್ಕೆ ವೀರರು ಬಂದದ್ದು ಅದ್ಭುತ ಕಥೆಗಳಿಂದ. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಅರಾಗೋರ್ನ್‌ನನ್ನು ಹೋಲುವ ಕಾಡುಕಾವಲಿನ ವೀರ 1975ರಲ್ಲಿ 'ರೇಂಜರ್' ಎಂಬ ಹೆಸರಿನಿಂದ ಆಟಕ್ಕೆ ಸೇರಿದ. ಅದೇ ಲೇಖಕರ ಪುಟ್ಟ ದೇಹದ 'ಹಾಬಿಟ್'ಗಳು ಮುಂದೆ 'ಹಾಫ್ಲಿಂಗ್' ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ರಾಬರ್ಟ್ ಹೊವಾರ್ಡ್ ಸೃಷ್ಟಿಸಿದ ಕೋನನ್‌ನ ಹೆಸರಿನಲ್ಲಿ 1985ರಲ್ಲಿ ಪ್ರತ್ಯೇಕ ಆಟವೇ ಬಂತು. 1980ರ ಒಂದು ಆಟದ ಪುಸ್ತಕದಲ್ಲಂತೂ ನಮ್ಮ ಇಂದ್ರ, ವರುಣ, ಸೂರ್ಯರಿಗೂ ಅಂಕ ಹಾಕಲಾಗಿತ್ತು!

ಅಂಕ ಹಾಕುವುದು ಹೇಗೆ? ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿವೆ. ಮೊದಲ ಪದ್ಧತಿಯಲ್ಲಿ ಒಂದೊಂದು ಗುಣಕ್ಕೂ ಮೂರು ದಾಳ ಉರುಳಿಸಿ ಕೂಡಿಸುತ್ತಿದ್ದರು. ಕನಿಷ್ಠ 3, ಗರಿಷ್ಠ 18. ಮೂರು ದಾಳ ಬೀಳುವ ಬಗೆಗಳು ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 10 ಬರುವುದು 27 ಬಗೆಗಳಲ್ಲಿ. ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಹಾಕಿ ನೋಡಲಿ. ಸಂಭವನೀಯತೆಯ ಪಾಠ ಅಲ್ಲಿಯೇ ಇದೆ.

ಕೊರತೆಯೇ ಜೀವಾಳ

ಹೆಸರಾಂತ ವೀರನನ್ನು ಹಾಳೆಗಿಳಿಸುವಾಗ ಎಲ್ಲ ಗುಣಕ್ಕೂ 18 ಕೊಟ್ಟುಬಿಡುವ ಆಸೆಯಾಗುತ್ತದೆ. ಆಟ ಸಪ್ಪೆಯಾಗುವುದು ಅಲ್ಲಿಯೇ. ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನೇ ನೆನೆಯಿರಿ. ಸತ್ಯಭಾಮೆಯ ಅಸೂಯೆ, ಅಭಿಮಾನಗಳನ್ನು ತೆಗೆದರೆ ಅಲ್ಲಿ ಉಳಿಯುವುದೇನು? ಒಂದು ಹೂವು ಮಾತ್ರ. ಬೇತಾಳವನ್ನು ಹೊತ್ತ ವಿಕ್ರಮನಿಗೆ ಮೌನದ ಕಟ್ಟಿಲ್ಲದಿದ್ದರೆ ಕಥೆ ಮೊದಲ ಸಲವೇ ಮುಗಿಯುತ್ತಿತ್ತು.

ಅಭಿಮನ್ಯುವನ್ನು ತೆಗೆದುಕೊಳ್ಳೋಣ. ಬಲ 16, ಚುರುಕು 17, ವಿವೇಕ 9. ಹಾಳೆಯ ಕೆಳಗೆ ಒಂದು ಸಾಲು: ಚಕ್ರವ್ಯೂಹದ ಒಳಹೋಗಬಲ್ಲ, ಹೊರಬರಲಾರ. ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ. ಇಪ್ಪತ್ತು ಮುಖದ ದಾಳ ಕೊಳ್ಳುವ ಖರ್ಚೂ ಉಳಿಯಿತು. ಎತ್ತಿದ ಅಂಕಿ ಗುಣದ ಅಂಕಕ್ಕಿಂತ ಹೆಚ್ಚಾಗದಿದ್ದರೆ ಕೆಲಸ ಕೈಗೂಡಿತು.

ಈಗ ಒಬ್ಬರು ಅಭಿಮನ್ಯು, ಒಬ್ಬರು ಭೀಮ, ಒಬ್ಬರು ಧರ್ಮರಾಯ. ಅರ್ಜುನ ಸಂಶಪ್ತಕರೊಡನೆ ದೂರದಲ್ಲಿದ್ದಾನೆ. ಭೀಮನನ್ನು ಸೈಂಧವ ತಡೆಯುವನೆಂದು ಆಡುವ ಹುಡುಗನಿಗೆ ಗೊತ್ತು, ಅಭಿಮನ್ಯುವಿಗೆ ಗೊತ್ತಿಲ್ಲ. ತನಗೆ ತಿಳಿದದ್ದನ್ನು ಪಕ್ಕಕ್ಕಿಟ್ಟು ಪಾತ್ರಕ್ಕೆ ತಿಳಿದಷ್ಟರಿಂದಲೇ ಯೋಚಿಸಬೇಕು. ಇನ್ನೊಬ್ಬರ ಜಾಗದಲ್ಲಿ ನಿಲ್ಲುವ ಅಭ್ಯಾಸವೆಂದರೆ ಇದೇ. ಕೊನೆ ಮಾತ್ರ ಗ್ರಂಥದಲ್ಲಿ ಇದ್ದಂತೆಯೇ ಆಗಬೇಕೆಂದಿಲ್ಲ.

ಪಾಲಕರಿಗೆ ಎರಡು ಮಾತು

ದಾಳವೆಂದೊಡನೆ ಹಿರಿಯರಿಗೆ ಧರ್ಮರಾಯನ ಜೂಜು ನೆನಪಾದೀತು. ಇಲ್ಲಿ ಪಣವಿಲ್ಲ, ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆಲ್ಲುವುದೂ ಇಲ್ಲ. 1980ರ ದಶಕದಲ್ಲಿ ಅಮೆರಿಕದ ಪಾಲಕರೂ ಮಕ್ಕಳು ಈ ಆಟದಿಂದ ದಾರಿ ತಪ್ಪುತ್ತಾರೆಂದು ಗಾಬರಿಗೊಂಡಿದ್ದರು. ಆಟದ ಹೊತ್ತಿಗೆ ಮಿತಿ ಇರಬೇಕು, ಪರೀಕ್ಷೆಯ ದಿನಗಳಲ್ಲಿ ಹಾಳೆ ಪೆಟ್ಟಿಗೆ ಸೇರಬೇಕು, ನಿಜ. ಆದರೆ ಕಥೆ ಓದುವುದು, ಲೆಕ್ಕ ಹಾಕುವುದು, ನಾಲ್ವರ ಮುಂದೆ ಬಾಯಿಬಿಟ್ಟು ಮಾತಾಡುವುದು ಒಂದೇ ಸಂಜೆಯಲ್ಲಿ ನಡೆಯುವ ಆಟಗಳು ಹೆಚ್ಚಿಲ್ಲ.

ಇನ್ನೊಂದು ಮಾತು. ಆಡುತ್ತಿರುವಾಗ ಅಭಿಮನ್ಯುವಾದ ಹುಡುಗಿಯೋ ಹುಡುಗನೋ ತಟ್ಟನೆ ಕೇಳಬಹುದು: "ದೊಡ್ಡಪ್ಪಾ, ನನಗೆ ಅರ್ಧ ದಾರಿ ಮಾತ್ರ ಗೊತ್ತು. ನೀವು ಹೇಳಿದಿರೆಂದು ಹೋಗಲೇಬೇಕೆ?" ಹತ್ತನೇ ತರಗತಿ ಮುಗಿದ ಮೇಲೆ ಯಾವ ವಿಷಯ ಓದಬೇಕೆಂಬ ಚರ್ಚೆಯಲ್ಲಿ ಎಷ್ಟೋ ಮಕ್ಕಳು ನುಂಗಿಕೊಳ್ಳುವ ಪ್ರಶ್ನೆಯೂ ಇದೇ. ಅದನ್ನು ಕೇಳುವ ಹೊತ್ತಿಗೆ ಧರ್ಮರಾಯನ ಪಾತ್ರದಲ್ಲಿ ಅಪ್ಪನೋ ಅವ್ವನೋ ಕುಳಿತಿದ್ದರೆ ಒಳ್ಳೆಯದು.