ಮಳೆಗೆ ಮುನ್ನ ತೋಟದ ಜೀಪಿನ ಆರೈಕೆ

ಕೃತ್ತಿಕೆ ಮಳೆ ಮುಗಿಯುವ ಹೊತ್ತಿಗೆ ಮಲೆನಾಡಿನ ಬೆಳೆಗಾರರಿಗೆ ಬಿಡುವೆಂಬುದು ಇರುವುದಿಲ್ಲ. ಅಡಿಕೆಗೆ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ತರಬೇಕು. ಕಾಫಿಗೆ ಗೊಬ್ಬರ ಸಾಗಿಸಬೇಕು. ಬಸಿಗಾಲುವೆ ತೆಗೆಸಬೇಕು, ಸೌದೆ ಒಳಗೆ ಹಾಕಿಸಬೇಕು. ಈ ಎಲ್ಲ ಕೆಲಸಕ್ಕೂ ಓಡುವುದು ಮನೆಯ ಹಳೆಯ ಜೀಪು. ಮನೆಯ ಮಾಡಿನ ಹೆಂಚು ಸರಿಪಡಿಸುವವರು, ಕೊಟ್ಟಿಗೆಯ ಸೋಗೆ ಬದಲಿಸುವವರು ಜೀಪಿಗೂ ಮಳೆಗಾಲದ ತಯಾರಿ ಬೇಕೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು, ಯುದ್ಧ ಮುಗಿದ ಮೇಲೆ ರೈತರ ವಾಹನವಾಯಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಇದನ್ನು ಜೋಡಿಸಲು ಆರಂಭಿಸಿದರು. 1953ರಲ್ಲಿ ಅಮೆರಿಕದಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಾಯಿತು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಸೋಮವಾರಪೇಟೆಯ ಕಡೆ ಇಂತಹ ಜೀಪುಗಳು ಇಂದಿಗೂ ದುಡಿಯುತ್ತಿವೆ.

ಈ ಜೀಪುಗಳು ವಯಸ್ಸಾಗಿ ಸಾಯುವುದು ಅಪರೂಪ. ಇವುಗಳ ರಚನೆ ಸರಳ. ಸವೆದ ಭಾಗವನ್ನು ಬದಲಿಸಿ ಮತ್ತೆ ಓಡಿಸಬಹುದು. ಇವನ್ನು ಕೊಲ್ಲುವುದು ಒಳಗೆ ನಿಂತ ನೀರು, ಮತ್ತು ಆ ನೀರಿನಲ್ಲಿ ಕರಗಿದ ಲವಣ. ಎಂಜಿನ್ ಬಿಚ್ಚುವುದು ಮೆಕ್ಯಾನಿಕನ ಕೆಲಸ. ಆದರೆ ಗೊಬ್ಬರ, ಮೈಲುತುತ್ತ ಕಬ್ಬಿಣಕ್ಕೆ ಏನು ಮಾಡುತ್ತವೆ, ನೀರು ಎಲ್ಲಿ ಸೇರುತ್ತದೆ, ಅದನ್ನು ಹೊರಹಾಕುವುದು ಹೇಗೆ ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರುವುದು ಅವಶ್ಯ.

ಗೊಬ್ಬರ ಮತ್ತು ಮೈಲುತುತ್ತದ ಹಾನಿ

ಬೋರ್ಡೋ ದ್ರಾವಣ ತಯಾರಿಸುವಾಗ ಚಾಕುವಿನ ಪರೀಕ್ಷೆ ಮಾಡುವುದು ನಿಮಗೆಲ್ಲ ತಿಳಿದದ್ದೇ. ಹೊಳೆಯುವ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಬಣ್ಣವೇ ತಾಮ್ರ. ತಾಮ್ರ ಹೊರಗೆ ಬಂದು ಕೂತಷ್ಟೂ ಅಲಗಿನ ಕಬ್ಬಿಣ ಕರಗಿ ದ್ರಾವಣ ಸೇರುತ್ತದೆ. ಜೀಪಿನ ತಳಕ್ಕೆ ಚೆಲ್ಲಿದ ಒಂದು ಹಿಡಿ ಮೈಲುತುತ್ತದ ಪುಡಿ ಮಳೆಯ ಹನಿ ತಾಗಿದೊಡನೆ ಇದೇ ಕೆಲಸವನ್ನು ಅಲ್ಲಿ ಆರಂಭಿಸುತ್ತದೆ. ಚಾಕುವನ್ನು ನೀವು ಕ್ಷಣದಲ್ಲಿ ಹೊರಗೆ ತೆಗೆಯುತ್ತೀರಿ. ತಗಡಿನ ಸಂದಿಯಲ್ಲಿ ಸೇರಿದ ಪುಡಿ ಮಾತ್ರ ಇಡೀ ಮಳೆಗಾಲ ಅಲ್ಲೇ ಉಳಿಯುತ್ತದೆ.

ಪೊಟ್ಯಾಷ್ ಗೊಬ್ಬರವೂ ಕಡಿಮೆಯದಲ್ಲ. ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕ್ಲೋರೈಡ್ ಇರುತ್ತದೆ. ಅಡಿಗೆ ಉಪ್ಪಿನಲ್ಲಿರುವುದೂ ಕ್ಲೋರೈಡೇ. ಸಮುದ್ರ ತೀರದಲ್ಲಿ ಕಬ್ಬಿಣ ಬೇಗನೆ ತುಕ್ಕು ಹಿಡಿಯುವ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಯೂರಿಯಾ ಗಾಳಿಯ ತೇವ ಹೀರಿ ತಾನೂ ಒದ್ದೆಯಾಗುತ್ತದೆ, ತಗಡನ್ನೂ ಒದ್ದೆಯಾಗಿಡುತ್ತದೆ.

ಇದಕ್ಕೆ ಪರಿಹಾರ ಖರ್ಚಿನದಲ್ಲ. ಗೊಬ್ಬರ ತುಂಬುವ ಮೊದಲು ಜೀಪಿನ ತಳಕ್ಕೆ ಮರದ ಪಟ್ಟಿಗಳನ್ನಿಟ್ಟು, ಮೇಲೆ ಹರಿಯದ ಟಾರ್ಪಾಲು ಹಾಸಿ. ಮೈಲುತುತ್ತವನ್ನು ಗೋಣಿಚೀಲದಲ್ಲಿ ತರದೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ. ಮೂಟೆ ಇಳಿಸಿದ ಮೇಲೆ ಮೊದಲು ಒಣಗಿದಂತೆಯೇ ಗುಡಿಸಿ, ನಂತರ ಧಾರಾಳ ನೀರಿನಲ್ಲಿ ತೊಳೆಯಿರಿ. ಗುಡಿಸದೆ ನೀರು ಹಾಕಿದರೆ ಪುಡಿ ಕರಗಿ ಸಂದಿ ಸೇರುತ್ತದೆ. ಈ ಕೆಲಸ ಅಂದೇ ಆಗಬೇಕು. ತಳದಲ್ಲಿ ನೀರು ಹೋಗುವ ತೂತುಗಳಿದ್ದಲ್ಲಿ ಕಡ್ಡಿಯಿಂದ ಚುಚ್ಚಿ ತೆರೆದಿಡಿ.

ಚಾಸಿಯ ಪರೀಕ್ಷೆ

ಬಾಡಿಯ ತಗಡು ತೂತಾದರೆ ಟಿಂಕರಿಂಗ್ ಮಾಡಿಸಬಹುದು. ಚಾಸಿಯೇ ಹೋದರೆ ಜೀಪು ಹೋದಂತೆ. ಚಾಸಿಯ ಒಳಬದಿಯಲ್ಲಿ, ಅಡ್ಡಪಟ್ಟಿ ಕೂಡುವ ಮೂಲೆಗಳಲ್ಲಿ, ಕಮಾನು ಪಟ್ಟಿಯ ಶಾಕಲ್ ಇರುವಲ್ಲಿ ಕೆಸರು ಕಟ್ಟಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಆರಿರುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಈ ಕೆಸರನ್ನು ಕಡ್ಡಿಯಿಂದ ಕೆರೆದು, ಜೋರಾಗಿ ನೀರು ಹಾಯಿಸಿ, ಎರಡು ದಿನ ಒಣಗಲು ಬಿಡಿ.

ಆಮೇಲೆ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ತುಕ್ಕು ತಿಂದ ಜಾಗ ಮಂದವಾಗಿ ಸದ್ದು ಮಾಡುತ್ತದೆ, ಹಕ್ಕಳೆ ಉದುರುತ್ತದೆ. ಅಂತಹ ಜಾಗವಿದ್ದರೆ ಬಣ್ಣ ಬಳಿದು ಮುಚ್ಚಬೇಡಿ. ಕೊಳೆತ ಭಾಗ ಕತ್ತರಿಸಿ ಹೊಸ ಪಟ್ಟಿ ಬೆಸುಗೆ ಹಾಕಿಸಿ. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿಸಿ. ಉಳಿದ ಕಡೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಕೊಡಿ. ತೆಗೆದ ಎಂಜಿನ್ ಆಯಿಲನ್ನು ಚಾಸಿಗೆ ಬಳಿಯುವ ರೂಢಿ ಕೆಲವೆಡೆ ಇದೆ. ಆ ಆಯಿಲ್ ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ತೋಟದ ಮಣ್ಣನ್ನೂ ಸೇರುತ್ತದೆ. ಇದು ಒಳ್ಳೆಯ ಪದ್ಧತಿಯಲ್ಲ.

ಆಯಿಲಿನಲ್ಲಿ ನೀರು

ಹಳ್ಳ ದಾಟುವಾಗ ಆಕ್ಸಲ್ ಮುಳುಗಿದರೆ ಒಳಗೆ ನೀರು ಹೋಗುವ ಸಂಭವವಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಕ್ಸಲ್ ಮೇಲಿರುವ ಸಣ್ಣ ಬ್ರೀದರ್‌ನಲ್ಲಿ ಕೆಸರು ಕಟ್ಟಿದ್ದರೆ ಈ ತೊಂದರೆ ಹೆಚ್ಚು. ಆದುದರಿಂದ ಮಳೆಗೆ ಮುನ್ನ ಬ್ರೀದರನ್ನು ಬಿಚ್ಚಿ ಸ್ವಚ್ಛಗೊಳಿಸಿ.

ನೀರು ಸೇರಿದೆಯೇ ಎಂದು ತಿಳಿಯುವ ಸುಲಭ ವಿಧಾನವೊಂದಿದೆ. ಜೀಪನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಹೌಸಿಂಗಿನ ತಳದ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ. ಮೊದಲು ನೀರು ಬಂದರೆ ಸಂಶಯ ಬೇಡ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ಅದೇ ಅರ್ಥ. ಇಂತಹ ಆಯಿಲನ್ನು ಪೂರ್ತಿ ಬದಲಿಸಬೇಕು. ಹಾಗೇ ಓಡಿಸಿದರೆ ಬೇರಿಂಗ್, ಕ್ರೌನ್, ಪಿನಿಯನ್ ಎಲ್ಲವೂ ಹಾಳಾಗುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಆಮೇಲೆ ಕೊಡಲಿಯೇ ಬೇಕಾಗುತ್ತದೆ.

ಹಿಂದಿನ, ಮುಂದಿನ ಎರಡೂ ಹೌಸಿಂಗು, ಗೇರ್ ಬಾಕ್ಸು ಮತ್ತು ಟ್ರಾನ್ಸ್‌ಫರ್ ಕೇಸು, ಹೀಗೆ ನಾಲ್ಕೂ ಕಡೆ ಪ್ರತ್ಯೇಕವಾಗಿ ನೋಡಬೇಕು. ಆಯಿಲ್ ಕೊಳ್ಳುವಾಗಲೂ ಎಚ್ಚರಿಕೆ ಬೇಕು. ಹಳೆಯ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಉಂಗುರಗಳಿರುವುದರಿಂದ ಅದಕ್ಕೆ ಜಿಎಲ್-4 ದರ್ಜೆಯ 90 ನಂಬರ್ ಆಯಿಲ್ ಹಾಕುವುದು ಉತ್ತಮ. ಜಿಎಲ್-5 ದರ್ಜೆಯ ಆಯಿಲನ್ನು ಆಕ್ಸಲ್ ಹೌಸಿಂಗಿಗೆ ಇಟ್ಟುಕೊಳ್ಳಿ.

ಗ್ರೀಸ್ ಗನ್ ಬಳಕೆ

ಜಾಯಿಂಟ್ ಕ್ರಾಸ್, ಪ್ರೊಪೆಲ್ಲರ್ ಶಾಫ್ಟಿನ ಜಾರುವ ಭಾಗ, ಶಾಕಲ್, ಟೈರಾಡ್ ತುದಿಗಳು, ಇವೆಲ್ಲ ಗ್ರೀಸಿನ ಮೇಲೆಯೇ ಬದುಕುವಂಥವು. ಬೇಸಿಗೆಯಲ್ಲಿ 1,500 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆದರೆ ನಡೆಯುತ್ತದೆ. ಮಳೆಗಾಲದಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟು, ನೀರಿನಲ್ಲಿ ಇಳಿದಾಗಲೆಲ್ಲ ಮರುದಿನವೇ ಹೊಡೆಯಿರಿ. ನಿಪ್ಪಲ್‌ನ ಮೂತಿಯನ್ನು ಮೊದಲು ಬಟ್ಟೆಯಿಂದ ಒರೆಸಿ. ಇಲ್ಲವಾದರೆ ಗ್ರೀಸಿನ ಜೊತೆಗೆ ಮರಳನ್ನೂ ಒಳಗೆ ತಳ್ಳಿದಂತಾಗುತ್ತದೆ. ಹಳೆಯ ಗ್ರೀಸ್, ಕೆಸರು ಹೊರಬಂದು ಹೊಸ ಗ್ರೀಸ್ ಕಾಣುವವರೆಗೂ ಹೊಡೆಯಬೇಕು. ನಿಪ್ಪಲ್ ಕಟ್ಟಿಕೊಂಡಿದ್ದರೆ ಬದಲಿಸಿ.

ಬ್ರೇಕಿನ ವಿಷಯದಲ್ಲಿ ಉದಾಸೀನ ಬೇಡ

ತುಕ್ಕು ಹಣ ತಿನ್ನುತ್ತದೆ, ಬ್ರೇಕು ಪ್ರಾಣ ತೆಗೆಯುತ್ತದೆ. ಹಳೆಯ ಜೀಪಿನ ನಾಲ್ಕೂ ಚಕ್ರಗಳಿಗೆ ಬ್ರೇಕ್ ಆಯಿಲ್ ಹೋಗುವುದು ಒಂದೇ ಜಾಲದಿಂದ. ಒಂದು ವೀಲ್ ಸಿಲಿಂಡರ್ ಸೋರಿದರೆ ಉಳಿದ ಮೂರು ಚಕ್ರಗಳ ಬ್ರೇಕೂ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಪದೇ ಪದೇ ಇಳಿಯುತ್ತಿದ್ದರೆ ಮೇಲಿನಿಂದ ತುಂಬಿಸಿ ಸುಮ್ಮನಾಗಬೇಡಿ. ಸೋರುವ ಜಾಗ ಹುಡುಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದು ಒಳಿತು. ಹಳ್ಳ ದಾಟಿದ ಮೇಲೆ ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿದು ಸ್ವಲ್ಪ ದೂರ ನಿಧಾನವಾಗಿ ಓಡಿಸಿದರೆ ಲೈನರು ಒಣಗುತ್ತದೆ.

ಹ್ಯಾಂಡ್ ಬ್ರೇಕಿನ ಬಗ್ಗೆ ವಿಶೇಷವಾಗಿ ಒಂದು ಮಾತು. ವಿಲ್ಲಿಸ್ ವಂಶದ ಅನೇಕ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ ಏನಾಗುತ್ತದೆ? ಶಾಫ್ಟು ತಿರುಗದಿದ್ದರೂ, ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಲು, ನೆಲದ ಚಕ್ರ ಮುಂದಕ್ಕೆ ಉರುಳಲು ಅಡ್ಡಿಯಿಲ್ಲ. ಜೀಪು ಜಾಕಿನಿಂದ ಜಾರಿ ಅಡಿಯಲ್ಲಿರುವವನ ಮೇಲೆ ಬೀಳುತ್ತದೆ. ಗೇರಿಗೆ ಹಾಕಿ ನಿಲ್ಲಿಸಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಗೇರು ಹಿಡಿಯುವುದೂ ಅದೇ ಶಾಫ್ಟನ್ನೇ.

ಆದುದರಿಂದ ಟೈರು ಬದಲಿಸುವಾಗ ಸಮತಟ್ಟಾದ ಗಟ್ಟಿ ನೆಲ ಆರಿಸಿಕೊಳ್ಳಿ. ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಅಥವಾ ಮರದ ದಿಮ್ಮಿ ಕೊಡಿ. ಮುಂದಿನ ಚಕ್ರಗಳ ಗೇರನ್ನೂ ಹಾಕಿ. ಫ್ರೀ ವೀಲ್ ಹಬ್ ಜೋಡಿಸಿದ್ದರೆ ಅದನ್ನು ಲಾಕ್ ಮಾಡಿ. ಬರಿಯ ಜಾಕನ್ನು ನಂಬಿ ಯಾರೂ ಅಡಿಗೆ ಹೋಗಬಾರದು, ಹುಡುಗರನ್ನಂತೂ ಬಿಡಲೇಬಾರದು. ಓಡುವಾಗ ಈ ಹ್ಯಾಂಡ್ ಬ್ರೇಕನ್ನು ಎಳೆಯುವುದೂ ತಪ್ಪು. ಪ್ರೊಪೆಲ್ಲರ್ ಶಾಫ್ಟಿಗೆ, ಜಾಯಿಂಟಿಗೆ ಪೆಟ್ಟು ಬೀಳುತ್ತದೆ. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲ್ ಸೋರುತ್ತಿದ್ದರೆ ಈ ಬ್ರೇಕಿನ ಲೈನರು ನೆನೆದು ಹಿಡಿತ ತಪ್ಪುತ್ತದೆ. ಸೀಲನ್ನೂ ಲೈನರನ್ನೂ ಒಟ್ಟಿಗೆ ಬದಲಿಸಬೇಕು.

ನಾಲ್ಕು ಚಕ್ರದ ಗೇರು ಮತ್ತು ಹೊರೆ

ನಾಲ್ಕೂ ಚಕ್ರಕ್ಕೆ ಗೇರು ಹಾಕುವುದು ಕೆಸರು, ಸಡಿಲ ಮಣ್ಣು, ಜಾರುವ ಏರಿಗೆ ಮಾತ್ರ. ಒಣ ಟಾರ್ ರಸ್ತೆಯಲ್ಲಿ ಹಾಗೆ ಓಡಿಸಿದರೆ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾಗಿ ಶಾಫ್ಟುಗಳು ಒಂದಕ್ಕೊಂದು ತಿರುಚಿಕೊಳ್ಳುತ್ತವೆ. ಟೈರು, ಗೇರು ಎರಡೂ ಸವೆಯುತ್ತವೆ. ‘ಲೋ’ ಗೇರಿಗೆ ಹಾಕುವಾಗ ಜೀಪನ್ನು ನಿಲ್ಲಿಸಿಯೇ ಹಾಕಿ. ಕಡಿದಾದ ಇಳಿಜಾರಿನಲ್ಲಿ ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಇಳಿಸುವುದು ಪೆಟ್ರೋಲ್ ಉಳಿತಾಯವಲ್ಲ, ಅಪಾಯ.

ಸೈನ್ಯದವರು ವಿಲ್ಲಿಸ್ ಜೀಪನ್ನು ಕಾಲು ಟನ್ನಿನ ವಾಹನವೆಂದು ಕರೆದರು. ಅಂದರೆ 50 ಕಿಲೋ ತೂಕದ ಐದು ಮೂಟೆ. ನಮ್ಮಲ್ಲಿ ಇದೇ ಜೀಪಿಗೆ ಹತ್ತು ಮೂಟೆ ಹೇರಿ, ಮೇಲೆ ಆಳುಗಳನ್ನು ಕೂರಿಸಿ ಏರು ಹತ್ತಿಸುವುದುಂಟು. ಕಮಾನು ಪಟ್ಟಿ ಮುರಿಯುವುದು, ಬ್ರೇಕು ಸಾಲದಾಗುವುದು, ತಿರುವಿನಲ್ಲಿ ಮಗುಚುವುದು ಇದರಿಂದಲೇ. ಮೂಟೆಯ ಮೇಲೆ ಕೂತವರು ಕೂಲಿಗೆ ಬಂದವರು. ಬೇಡವೆನ್ನುವ ಧೈರ್ಯ ಅವರಿಗಿರುವುದಿಲ್ಲ. ಬೇಡವೆಂದು ಹೇಳಬೇಕಾದವರು ಯಜಮಾನರೇ. ಎರಡು ಸಲ ಓಡಿಸಿದರೆ ಖರ್ಚಾಗುವುದು ಸ್ವಲ್ಪ ಪೆಟ್ರೋಲು ಮಾತ್ರ.

ಪೆಟ್ರೋಲು ಮತ್ತು ಕಾಗದಪತ್ರ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಭಾಗಗಳನ್ನು ಮೆತ್ತಗಾಗಿಸುತ್ತದೆ. ಪಂಪಿನ ಡಯಾಫ್ರಂ, ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ. ಜೀಪು ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ. ಡೀಸೆಲ್ ಜೀಪುಗಳಲ್ಲಿ ಫಿಲ್ಟರಿನ ತಳದ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡಿ.

ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ, 5 ವರ್ಷಗಳ ಅವಧಿಗೆ ನೋಂದಣಿ ನವೀಕರಿಸಬೇಕಾಗುತ್ತದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗಲ್ಲದೆ ರಸ್ತೆಯಲ್ಲಿ ದಿನನಿತ್ಯ ಓಡಿಸುವಂತಿಲ್ಲ. ದುಡಿಯುವ ಜೀಪಿಗೆ ಇದು ಹೊಂದುವುದಿಲ್ಲ. ಎಂಜಿನ್ ಬದಲಿಸುವುದಾದರೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದೇ ಬದಲಿಸಿ.

ರೋಹಿಣಿ ಮಳೆ ಹುಟ್ಟುವ ಮೊದಲು ಒಂದು ದಿನವನ್ನು ಜೀಪಿಗಾಗಿ ಮೀಸಲಿಡಿ. ಕೆಸರು ತೆಗೆಯಿರಿ, ನಾಲ್ಕೂ ಪ್ಲಗ್ ನೋಡಿ, ಗ್ರೀಸ್ ಹೊಡೆಯಿರಿ, ಬ್ರೇಕ್ ಪರೀಕ್ಷಿಸಿ. ಹಸ್ತ ಮಳೆ ಮುಗಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ. ದಿನಾಂಕವನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಗೊಬ್ಬರ, ಔಷಧಿಯ ಲೆಕ್ಕದ ಜೊತೆಯಲ್ಲಿಯೇ ಬರೆದಿಡಿ. ಆರಿದ್ರೆಯ ನಡುರಾತ್ರಿಯಲ್ಲಿ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಜೀಪು ಹೊರಡುತ್ತದೆಯೋ ಇಲ್ಲವೋ ಎಂಬುದು ಆ ಒಂದು ದಿನದ ಕೆಲಸವನ್ನು ಅವಲಂಬಿಸಿದೆ.