ಹಾಡು ಉಳಿದಿತ್ತು... ಪಟ್ಟಿ ಅಳಿದಿತ್ತು!

ಬೆಳಿಗ್ಗೆ ಐದೂವರೆಗೆ ನಮ್ಮ ಮನೇಲಿ ಕೋಳಿ ಕೂಗಲ್ಲ. ಪಿ. ಬಿ. ಶ್ರೀನಿವಾಸ್ ಹಾಡ್ತಾರೆ! 2020ರಿಂದ ಈ ಪದ್ಧತಿ ತಪ್ಪಿದ್ದೇ ಕಡಿಮೆ. ಆದರೆ 2025ರ ಮುಂಗಾರಿನ ಒಂದು ಸೋಮವಾರ ಐದೂವರೆ ಆಯ್ತು, ಐದೂಮುಕ್ಕಾಲು ಆಯ್ತು... ಮನೆ ಗಪ್‌ಚಿಪ್! ಅಡುಗೆಮನೆಯಿಂದ ಅಮ್ಮನ ದನಿ ಬಂತು.

“ಏನೋ, ನಿಮ್ಮಪ್ಪನ ಹಾಡು ಇನ್ನೂ ಬರ್ಲಿಲ್ವಲ್ಲೋ?”

ಹಿಂದಿನ ರಾತ್ರಿ ತಿಪಟೂರಿನಲ್ಲಿ ಗುಡುಗು, ಸಿಡಿಲು, ಜಡಿಮಳೆ. ಕರೆಂಟು ಹೋಗೋದು, ಬರೋದು, ಮತ್ತೆ ಹೋಗೋದು. ಹೀಗೆ ಆರೇಳು ಸಲ. ನಾನು ಹೊದ್ದು ಮಲಗಿದ್ದೆ. ಆದರೆ ಹಾಲ್‌ನ ಮೂಲೆಯಲ್ಲಿ ನಮ್ಮ ಮನೆಯ ‘ಆಕಾಶವಾಣಿ’ ಮಲಗಿರಲಿಲ್ಲ. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ಪಕ್ಕದಲ್ಲೊಂದು ಹಾರ್ಡ್ ಡಿಸ್ಕ್. ಇದಕ್ಕೆ ಮ್ಯೂಸಿಕ್ ಸರ್ವರ್ ಅಂತಾರೆ. ಮನೆಯೊಳಗೆ ಯಾವ ಫೋನಿನಿಂದ ಕೇಳಿದರೂ ನಮ್ಮದೇ ಹಾಡು ಹಾಕುತ್ತೆ. ಇಂಟರ್‌ನೆಟ್ ಬೇಡ, ಜಾಹೀರಾತಿನ ಕಾಟ ಇಲ್ಲ.

ಹೋಗಿ ನೋಡಿದೆ. ಪರದೆಯ ಮೇಲೆ ಒಂದೇ ಸಾಲು: ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’. ನಾನು ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ಆದರೂ ‘ಮಾಲ್’ ಅಂತ ಶುರುವಾಗೋ ಇಂಗ್ಲಿಷ್ ಪದ ಒಳ್ಳೇ ಸುದ್ದಿ ತರಲ್ಲ ಅನ್ನೋಷ್ಟು ಗೊತ್ತು ಸ್ವಾಮಿ!

ಯಾರೀ ಅಪ್ಪ? ಯಾವುದೀ ಹಾಡು?

ಓದುಗ ಮಿತ್ರರೇ, ಇಲ್ಲೊಂದು ಫ್ಲ್ಯಾಷ್‌ಬ್ಯಾಕ್. 1986ರಿಂದ 2003ರವರೆಗೆ ಬಸ್ ಸ್ಟ್ಯಾಂಡ್ ಎದುರು ಅಪ್ಪನದೊಂದು ಕ್ಯಾಸೆಟ್ ಅಂಗಡಿ ಇತ್ತು. ಹುಡುಗರು ಚೀಟಿಯಲ್ಲಿ ಹಾಡುಗಳನ್ನ ಬರ್ಕೊಂಡು ಬರೋರು. ಅಪ್ಪ 60 ನಿಮಿಷದ್ದೋ 90 ನಿಮಿಷದ್ದೋ ಖಾಲಿ ಕ್ಯಾಸೆಟ್‌ಗೆ ಅವನ್ನ ತುಂಬಿಸಿ ಕೊಡೋರು. ಆ ಕ್ಯಾಸೆಟ್ ಯಾರ ಕೈಗೆ ಸೇರ್ತಿತ್ತು ಅಂತ ಅಪ್ಪ ಯಾವತ್ತೂ ಕೇಳಿದವರಲ್ಲ. ನಿಮ್ಮಲ್ಲಿ ಯಾರದಾದರೂ ಅಪ್ಪ-ಅಮ್ಮನ ಮದುವೆಗೆ ನಮ್ಮಪ್ಪನೂ ಒಂದು ಕಾರಣ ಇದ್ದರೂ ಇರಬಹುದು!

ಸಿ.ಡಿ. ಬಂತು, ಅಂಗಡಿ ಮುಚ್ಚಿತು. ಉಳಿದದ್ದು ಒಂದು ಟ್ರಂಕಿನ ತುಂಬ 310 ಕ್ಯಾಸೆಟ್. 2020ರ ಲಾಕ್‌ಡೌನಿನಲ್ಲಿ ನಾನೂ ಅಪ್ಪನೂ ಅವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸೋಕೆ ಕೂತೆವು. ಅಡ್ಡದಾರಿ ಇಲ್ಲದ ಕೆಲಸ ಅದು. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು. ದಿನಕ್ಕೆ ಐದೈದು ಗಂಟೆ ಕೂತು ಎರಡು ತಿಂಗಳ ಮೇಲೆ ಹಿಡಿಯಿತು. ಸುಮಾರು ನಾಲ್ಕು ಸಾವಿರ ಹಾಡು. ಅಪ್ಪ ಚಿತ್ರ, ವರ್ಷ, ಸಂಗೀತ, ಗಾಯಕರು ಅಂತ ಬಾಯಲ್ಲಿ ಹೇಳೋರು, ನಾನು ಪ್ರತಿ ಹಾಡಿನ ಫೈಲಿನೊಳಗೇ ಟೈಪ್ ಮಾಡ್ತಿದ್ದೆ. ಇದಕ್ಕೆ ‘ಟ್ಯಾಗ್’ ಅಂತಾರೆ. ನಾನು ಒಂದೊಂದು ಸಲ ‘ರಾಜ್‌ಕುಮಾರ್’, ‘ರಾಜಕುಮಾರ್’, ‘ಡಾ. ರಾಜ್’ ಅಂತ ಬರೆದು ಸರ್ವರ್‌ನಲ್ಲಿ ಮೂರು ಜನ ಅಣ್ಣಾವ್ರು ಹುಟ್ಟಿಕೊಂಡಿದ್ದರು. ಅಪ್ಪ ಬೈದು ಒಬ್ಬರನ್ನಾಗಿ ಮಾಡಿಸಿದ್ರು!

2020ರ ಸೆಪ್ಟೆಂಬರ್ 25ರಂದು ಎಸ್. ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡರು. ಅವತ್ತು ಇಡೀ ದಿನ ನಮ್ಮ ಮನೇಲಿ ಎಸ್ಪಿಬಿ ಹಾಡೇ. ಆಮೇಲಿನ ವಾರ ಅಪ್ಪ ಕೂತು ‘ಬೆಳಗಿನ ಪಟ್ಟಿ’ ಅಂತ ಒಂದನ್ನ ಮಾಡಿದ್ರು. 42 ಹಾಡು, ಮೂರು ಗಂಟೆ ಚಿಲ್ಲರೆ. ಐದೂವರೆಗೆ ಶುರು. ಯಾವುದಾದ ಮೇಲೆ ಯಾವುದು ಅನ್ನೋದು ಅವರದೇ ಲೆಕ್ಕ.

2022ರ ಜನವರಿಯಲ್ಲಿ ಅಪ್ಪ ಹೋದರು. ಪಟ್ಟಿ ಮಾತ್ರ ದಿನಾ ಬೆಳಿಗ್ಗೆ ಹಾಡ್ತಾನೇ ಇತ್ತು. ಆ ಸೋಮವಾರದವರೆಗೆ.

ಕ್ಯಾಸೆಟ್ ಇದೆ, ಖಾತೆ ಪುಸ್ತಕ ನೆನೆದಿದೆ!

ಏನಾಗಿದೆ ಅನ್ನೋದು ಅಪ್ಪನ ಅಂಗಡಿ ನೆನೆಸಿಕೊಂಡರೆ ಸಲೀಸಾಗಿ ತಿಳಿಯುತ್ತೆ. ಕಪಾಟಿನಲ್ಲಿ ಕ್ಯಾಸೆಟ್, ಗಲ್ಲಾ ಪಕ್ಕದಲ್ಲಿ ಖಾತೆ ಪುಸ್ತಕ. ಯಾವ ಹಾಡು ಎಲ್ಲಿದೆ, ಯಾರು ಏನು ಕೇಳಿದರು, ಎಷ್ಟು ಸಲ ಕೇಳಿದರು, ಎಲ್ಲ ಪುಸ್ತಕದಲ್ಲಿ. ಸರ್ವರ್‌ನಲ್ಲೂ ಅಷ್ಟೇ. ಹಾಡಿನ ಫೈಲು ಬೇರೆ, ಖಾತೆ ಬೇರೆ. ಆ ಖಾತೆಯೇ ಡೇಟಾಬೇಸ್. ನ್ಯಾವಿಡ್ರೋಮ್, ಜೆಲ್ಲಿಫಿನ್ ಮುಂತಾದ ಮನೆ ಸರ್ವರ್‌ಗಳು ಈ ಖಾತೆಯನ್ನ ‘ಎಸ್‌ಕ್ಯುಲೈಟ್’ ಎಂಬ ತಂತ್ರಾಂಶದಲ್ಲಿ ಇಡುತ್ತವೆ. ಅಮೆರಿಕದ ರಿಚರ್ಡ್ ಹಿಪ್ ಎಂಬಾತ 2000ದಲ್ಲಿ ಹೊರತಂದದ್ದು. ನಿಮ್ಮ ಜೇಬಿನ ಫೋನಿನಲ್ಲೂ ಇದೇ ಕೂತಿದೆ.

ಖಾತೆ ಬರೆಯುತ್ತಾ ಇರುವಾಗಲೇ ಕರೆಂಟು ಹೋದರೆ? ಎಸ್‌ಕ್ಯುಲೈಟ್ ಅದಕ್ಕೂ ತಯಾರಾಗಿರುತ್ತೆ. ಆದರೆ ಕೆಳಗಿರುವ ಮೆಮೊರಿ ಕಾರ್ಡು ಬರೆಯದೇನೇ ‘ಬರೆದಾಯ್ತು’ ಅಂತ ಸುಳ್ಳು ಹೇಳಿದರೆ ಯಾರೇನು ಮಾಡೋಕಾಗುತ್ತೆ? ತಪ್ಪು ಸರ್ವರ್‌ನದ್ದಲ್ಲ. ಯುಪಿಎಸ್ ಇಲ್ಲದೆ, ಖಾತೆಯನ್ನ ಅಗ್ಗದ ಕಾರ್ಡಿನ ಮೇಲೆ ಇಟ್ಟ ನನ್ನದು.

ಹಾಡುಗಳಿಗೇನೂ ಆಗಿರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ನಾಲ್ಕು ಸಾವಿರವೂ ಕ್ಷೇಮ. ಖಾತೆ ಅಳಿಸಿ ಹೊಸದಾಗಿ ಸ್ಕ್ಯಾನ್ ಮಾಡಿಸಿದರೆ ಟ್ಯಾಗ್ ಓದಿಕೊಂಡು ಸರ್ವರ್ ಎಲ್ಲವನ್ನೂ ಮತ್ತೆ ಜೋಡಿಸುತ್ತೆ. ಆದರೆ ಅಪ್ಪನ ಪಟ್ಟಿ ಯಾವ ಫೈಲಿನಲ್ಲೂ ಇರಲಿಲ್ಲ. ಅದು ಇದ್ದದ್ದು ಖಾತೆಯಲ್ಲಿ ಮಾತ್ರ!

“ಲೋ, ಮುಟ್ಟಬೇಡ!”

ಗಾಬರಿಯಲ್ಲಿ ‘ಅಳಿಸು’ ಗುಂಡಿಯ ಹತ್ತಿರ ಬೆರಳು ಹೋಗಿತ್ತು. ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿ ಮಾಡೋ ಗೆಳೆಯನಿಗೆ ಫೋನ್ ಹಾಕಿದ್ದೆ. “ಲೋ, ಏನೂ ಮುಟ್ಟಬೇಡ ಕಣೋ! ಮೊದಲು ಸರ್ವರ್ ನಿಲ್ಲಿಸು. ಖಾತೆ ಫೈಲಿನ ಪಕ್ಕ ಇನ್ನೆರಡು ಇದ್ರೆ ಅವನ್ನೂ ಸೇರಿಸಿ ಪೆನ್‌ಡ್ರೈವ್‌ಗೆ ನಕಲು ತಗೋ” ಅಂದ.

ನೋಡಿದರೆ ಇದ್ದವು. ಹೆಸರಿನ ಕೊನೆಗೆ ‘ವಾಲ್’ ಎಂಬ ಬಾಲ ಇರೋದೊಂದು, ‘ಎಸ್‌ಎಚ್‌ಎಂ’ ಎಂಬ ಬಾಲ ಇರೋದೊಂದು. ವಾಲ್ ಅಂದರೆ ಕಚ್ಚಾ ಪುಸ್ತಕ. ಹೊಸದಾಗಿ ಬರೆದದ್ದು ಮೊದಲು ಅಲ್ಲಿಗೆ, ಆಮೇಲೆ ಪಕ್ಕಾ ಖಾತೆಗೆ. ಕಸ ಅಂತ ತಿಳಿದು ಅದನ್ನ ಅಳಿಸಿದರೆ ಇತ್ತೀಚಿನ ಬರಹವೆಲ್ಲ ಗೋವಿಂದ!

“ಬ್ಯಾಕಪ್ ಇಲ್ವೇನೋ?” ಅಂತ ಗೆಳೆಯ ಕೇಳಿದ. ನಾನು ಎದೆ ಉಬ್ಬಿಸಿ “ಇದೆ! ಪ್ರತಿ ಭಾನುವಾರ ರಾತ್ರಿ ಹನ್ನೆರಡಕ್ಕೆ ತಾನಾಗೇ ನಕಲಾಗುತ್ತೆ” ಅಂದೆ. ತೆರೆದೆವು. ಅದೇ ಸಾಲು: ‘ಮಾಲ್‌ಫಾರ್ಮ್ಡ್’! ಎದೆ ಚಪ್ಪಟೆ. ನಮ್ಮ ಸರ್ವರ್ ಹೊಸ ಹಾಡು ಹುಡುಕಿ ಖಾತೆ ಬರೆಯೋದೂ ಅದೇ ಹನ್ನೆರಡಕ್ಕೆ. ಬರೀತಾ ಇರೋ ಪುಸ್ತಕದ ಫೋಟೋ ತೆಗೆದ ಹಾಗೆ, ಅರ್ಧ ಹಳೇದು ಅರ್ಧ ಹೊಸದು ನಕಲಾಗಿತ್ತು. ವಾಲ್ ಫೈಲಂತೂ ನಕಲಾಗಿರಲೇ ಇಲ್ಲ. ಹಿಂದಿನ ವಾರದ ನಕಲಿನ ಮೇಲೇ ಹೊಸದು ಕೂತಿದ್ದರಿಂದ ಅದೂ ಇಲ್ಲ. ಐದು ವರ್ಷದಲ್ಲಿ ಒಂದು ಸಲವಾದರೂ ತೆರೆದು ಪರೀಕ್ಷೆ ಮಾಡಿದ್ದರೆ ಗೊತ್ತಾಗ್ತಿತ್ತು.

ಹಾಲಿವುಡ್‌ನವರೂ ಬಿದ್ದ ಗುಂಡಿ ಇದು

ಬೇಸರ ಮಾಡ್ಕೋಬೇಡಿ. ಈ ಗುಂಡಿಗೆ ದೊಡ್ಡವರೇ ಬಿದ್ದಿದ್ದಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್‌ನಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ಅಳಿಸುವ ಆದೇಶಕ್ಕೆ ಚಿತ್ರದ ಫೈಲುಗಳು ನೋಡನೋಡುತ್ತಿದ್ದಂತೆ ಮಾಯವಾಗತೊಡಗಿದವು! ಬ್ಯಾಕಪ್ ತೆರೆದರೆ ಅದೂ ಕೆಟ್ಟಿತ್ತು. ಕೊನೆಗೆ ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ. ಬಾಣಂತಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಒಂದು ನಕಲು ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನ ಹಸುಗೂಸಿನ ಹಾಗೆ ಕಂಬಳಿ ಸುತ್ತಿ ಕಾರಿನಲ್ಲಿ ತಂದರಂತೆ. ಚಿತ್ರ 1999ರ ನವೆಂಬರ್‌ನಲ್ಲಿ ತೆರೆ ಕಂಡಿತು.

ಎಲ್ಲರಿಗೂ ಆ ಅದೃಷ್ಟ ಇರಲ್ಲ. ನಮ್ಮ ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’, 1931ರದ್ದು. ಅದರ ಒಂದೇ ಒಂದು ಪ್ರಿಂಟೂ ಇವತ್ತು ಸಿಕ್ಕಿಲ್ಲ.

ಹಾಳೆ ಹಾಳೆ ಬಿಡಿಸಿದೆವು

ಸಂಜೆ ಗೆಳೆಯ ಮನೆಗೆ ಬಂದ. ಎಸ್‌ಕ್ಯುಲೈಟ್ ತನ್ನ ಖಾತೆಯನ್ನ ಹಾಳೆಗಳಾಗಿ ವಿಂಗಡಿಸಿರುತ್ತೆ. ಒಂದೊಂದು ಹಾಳೆ ಸಾಮಾನ್ಯವಾಗಿ 4,096 ಬೈಟ್. ‘ರಿಕವರ್’ ಅಂತ ಅದರಲ್ಲೇ ಒಂದು ಆದೇಶ ಇದೆ. ಹರಿದ ಹಾಳೆ ಬಿಟ್ಟು ಓದಬಹುದಾದ ಹಾಳೆಗಳ ಸಾಲುಗಳನ್ನೆಲ್ಲ ಹೆಕ್ಕಿ ಹೊಸ ಖಾತೆಗೆ ಬರೆಯುತ್ತೆ. ಎಲ್ಲಿಗೆ ಸೇರಿದ್ದೆಂದು ತಿಳಿಯದ ಸಾಲುಗಳನ್ನ ‘ಲಾಸ್ಟ್ ಅಂಡ್ ಫೌಂಡ್’ ಅಂತ ಒಂದು ಕಡೆ ಗುಡ್ಡೆ ಹಾಕುತ್ತೆ. ಜಾತ್ರೇಲಿ ಕಳೆದುಹೋದ ಮಕ್ಕಳನ್ನ ಪೊಲೀಸ್ ಚೌಕಿಯಲ್ಲಿ ಕೂರಿಸ್ತಾರಲ್ಲ, ಹಾಗೆ! ನಕಲಿನ ಮೇಲೆ ಆ ಆದೇಶ ಕೊಟ್ಟು ಉಸಿರು ಬಿಗಿಹಿಡಿದು ಕೂತೆವು.

ಬಂತು! ಬೆಳಗಿನ ಪಟ್ಟಿಯ 42ರಲ್ಲಿ 33 ಹಾಡು ಕ್ರಮಸಂಖ್ಯೆ ಸಮೇತ ಬಂದವು. ಆದರೆ 17 ಆದಮೇಲೆ ನೇರ 27! ನಡುವಿನ ಒಂಬತ್ತು ನಾಪತ್ತೆ. ಅವಿದ್ದ ಹಾಳೆಯೇ ಹರಿದುಹೋಗಿತ್ತು.

ಅಮ್ಮನ ಡೇಟಾಬೇಸ್

ಗಂಟೆಯ ಲೆಕ್ಕದಲ್ಲಿ ಅದು ಆರೂಮುಕ್ಕಾಲರಿಂದ ಏಳೂಕಾಲು ದಾಟುವವರೆಗಿನ ಸಮಯ. ಅಮ್ಮನನ್ನ ಕೂರಿಸಿ 17ನೇ ಹಾಡು ಹಾಕಿದೆ. ಹಾಡು ಮುಗೀತಿದ್ದ ಹಾಗೇ ಅಮ್ಮ ಶುರು ಮಾಡಿದಳು.

“ಇದಾದ ಮೇಲೆ ರಂಗೋಲಿ. ಆಗ ‘ಗೆಜ್ಜೆ ಪೂಜೆ’ದು ಬರುತ್ತೆ. ಹಾಲಿನವನು ಬರೋ ಹೊತ್ತಿಗೆ ಸರಿಯಾಗಿ ‘ಸಂಪತ್ತಿಗೆ ಸವಾಲ್’ ಎಮ್ಮೆ ಹಾಡು. ನಿಮ್ಮಪ್ಪ ಬೇಕೂಂತ್ಲೇ ಹಾಕಿದ್ದು! ಕಾಫಿಗೆ ‘ಎರಡು ಕನಸು’...”

ಹೀಗೆ ಏಳು ಹಾಡು ಹೇಳಿದಳು. ಆಮೇಲೆ ಸುಮ್ಮನಾದಳು.

“ಕೊನೇ ಎರಡು ಗೊತ್ತಿಲ್ಲ ಕಣೋ. ಆಗ ನಾನು ಸ್ನಾನಕ್ಕೆ ಹೋಗಿರ್ತೀನಿ. ನೀರಿನ ಸದ್ದಲ್ಲಿ ಕೇಳ್ಸಲ್ಲ.”

ಗೆಳೆಯನಿಗೆ ಆಗ ಹೊಳೆಯಿತು. ಯಾವ ಹಾಡು ಎಷ್ಟು ಸಲ ಓಡಿದೆ, ಕೊನೆಯದಾಗಿ ಯಾವಾಗ ಓಡಿತು ಅನ್ನೋದನ್ನ ಸರ್ವರ್ ಬೇರೆ ಹಾಳೆಯಲ್ಲಿ ಬರೆದಿಡುತ್ತೆ. ಆ ಹಾಳೆ ಕ್ಷೇಮವಾಗಿತ್ತು! ದಿನಾ ಬೆಳಿಗ್ಗೆ ಓಡುವ ಪಟ್ಟಿ ತಾನೇ? ಹುಡುಕಿದರೆ 1,600 ಸಲ ದಾಟಿದ ಹಾಡು ಸರಿಯಾಗಿ 42. ಮಿಕ್ಕ ಯಾವ ಹಾಡೂ 200 ದಾಟಿಲ್ಲ. ಭಾನುವಾರ ಬೆಳಗಿನ ಸಮಯದ ಪ್ರಕಾರ ಅವನ್ನ ಜೋಡಿಸಿದೆವು. ಅಮ್ಮ ಹೇಳಿದ ಏಳೂ ಅದೇ ಕ್ರಮದಲ್ಲಿ, ಒಂದೂ ತಪ್ಪಿಲ್ಲದೆ! ಉಳಿದೆರಡು?

ಎರಡೂ ‘ಪ್ರೇಮಲೋಕ’ದ್ದು! 1987ರ ರವಿಚಂದ್ರನ್ ಚಿತ್ರ, ಹಂಸಲೇಖ ಸಂಗೀತ. ಅಪ್ಪನಿಗೆ ಪ್ರಾಣ. ಅಮ್ಮನಿಗೆ ಮಾತ್ರ ‘ಆ ಗಲಾಟೆ ಹಾಡು’ ಅಂದರೆ ಆಗ್ತಿರಲಿಲ್ಲ. ಅದಕ್ಕೇ ಅಪ್ಪ ಅವೆರಡನ್ನ ಅಮ್ಮನ ಸ್ನಾನದ ಹೊತ್ತಿಗೆ ಸರಿಯಾಗಿ ಹೊಂದಿಸಿದ್ದಾರೆ. ಐದು ವರ್ಷ ಯಾರಿಗೂ ಗೊತ್ತೇ ಆಗಿಲ್ಲ!

ಅಮ್ಮ ಒಂದು ಗಳಿಗೆ ಪರದೆಯನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಎಷ್ಟು ಕಿಲಾಡಿ ನೋಡೋ ನಿಮ್ಮಪ್ಪ!” ನಗ್ತಾ ನಗ್ತಾ ಕಣ್ಣೊರೆಸಿಕೊಂಡಳು. ನಾನೂ ಗೆಳೆಯನೂ ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದೆವು.

ನೀವೂ ಹೀಗೆ ಮಾಡಿ

ಹೆಕ್ಕಿದ ಖಾತೆಯನ್ನೇ ಮತ್ತೆ ಬಳಸಲಿಲ್ಲ. ಪಟ್ಟಿಯನ್ನ ‘ಎಂ3ಯು’ ಎಂಬ ಸಾದಾ ಅಕ್ಷರದ ಫೈಲಾಗಿ ಬರೆದು ಹಾಡುಗಳ ಜೊತೆಗೇ ಇಟ್ಟೆವು. ಅದರಲ್ಲಿರೋದು ಹಾಡಿನ ಫೈಲುಗಳ ಹೆಸರು ಮಾತ್ರ, ಯಾರು ಬೇಕಾದರೂ ಓದಬಹುದು. ಹೊಸ ಖಾತೆ ತೆರೆದು ಸ್ಕ್ಯಾನ್ ಮಾಡಿಸಿದಾಗ ಸರ್ವರ್ ಪಟ್ಟಿಯನ್ನೂ ತಾನೇ ಓದಿಕೊಂಡಿತು.

ಮನೇಲಿ ಇಂಥದ್ದೊಂದು ಇಟ್ಟುಕೊಂಡಿರುವ ಗೆಳೆಯರೇ, ಗಮನಿಸಿ. ಕೆಟ್ಟರೆ ಮೊದಲು ನಿಲ್ಲಿಸಿ, ಬಾಲದ ಫೈಲುಗಳ ಸಮೇತ ನಕಲು ತೆಗೆಯಿರಿ, ರಿಪೇರಿ ಏನಿದ್ದರೂ ನಕಲಿನ ಮೇಲೆ. ಹಾಡಿನ ವಿವರ ಟ್ಯಾಗ್‌ನಲ್ಲಿರಲಿ, ಪಟ್ಟಿ ಎಂ3ಯುನಲ್ಲಿರಲಿ. ಬ್ಯಾಕಪ್ ತೆಗೆಯುವಾಗ ಸರ್ವರ್ ನಿಲ್ಲಿಸಿ, ಇಲ್ಲವೇ ಎಸ್‌ಕ್ಯುಲೈಟ್‌ನದ್ದೇ ‘ಬ್ಯಾಕಪ್’ ಆದೇಶ ಬಳಸಿ. ಹಳೇ ನಕಲಿನ ಮೇಲೆ ಹೊಸದನ್ನ ಕೂರಿಸಬೇಡಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. ನನ್ನದು ಈಗ ಗೆಳೆಯನ ಅಂಗಡಿಯಲ್ಲಿದೆ. ತಿಂಗಳಿಗೊಮ್ಮೆ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್, ರೀಲು ಬಿಚ್ಚಿ ನೋಡದ ಡಬ್ಬದ ಹಾಗೆ. ಒಳಗೆ ಚಿತ್ರ ಇದೆಯೋ ಇಲ್ಲವೋ ದೇವರೇ ಬಲ್ಲ! ಯುಪಿಎಸ್ ಒಂದು ಕೊಳ್ಳಿ. ನಾನೂ ಕೊಂಡೆ, ಎರಡು ಲೇಖನದ ಸಂಭಾವನೆ ಹೋಯ್ತು, ಇರಲಿ.

ಇನ್ನೊಂದು ಮಾತು. ಮನೇಲಿ ಅಪ್ಪನೋ ಅಜ್ಜಿಯೋ ಇಷ್ಟಪಡೋ ಹಾಡುಗಳಿದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಹಾಡು ಎಲ್ಲಾದರೂ ಸಿಕ್ಕೀತು. ಅವರು ಜೋಡಿಸಿದ ಪಟ್ಟಿ ಬೇರೆಲ್ಲೂ ಸಿಗಲ್ಲ. ನಾನು ಆ 42ನ್ನೂ ಅಪ್ಪನ ಅಂಗಡಿಯ ಹಳೇ ಖಾತೆ ಪುಸ್ತಕದ ಖಾಲಿ ಹಾಳೆಯಲ್ಲಿ ಇಂಕಿನಲ್ಲಿ ಬರೆದಿಟ್ಟಿದ್ದೇನೆ.

ಮರುದಿನ ಐದೂವರೆಗೆ ಪಿ. ಬಿ. ಶ್ರೀನಿವಾಸ್ ಸರಿಯಾಗಿ ಬಂದರು. ಎಮ್ಮೆ ಹಾಡಿಗೆ ಹಾಲಿನವನೂ ಬಂದ. ಈಗ ಒಂದೇ ಬದಲಾವಣೆ. ಅಮ್ಮ ಸ್ನಾನಕ್ಕೆ ಹೋಗೋದು ಎರಡು ಹಾಡಿನಷ್ಟು ತಡ!