ಪಾದ್ರಿ ಮೊಗ್ಲಿಂಗ್ ಮತ್ತು ಎರಡು ದುಡ್ಡಿನ ಪತ್ರಿಕೆ



ನೈಫ್‌ನ ಈ ಸಭೆಯಲ್ಲಿ ಒಬ್ಬ ಪಾದ್ರಿಯ ಬದುಕು, ಬೋಧನೆ ಬಗ್ಗೆ ಮಾತಾಡುತ್ತೇನೆ ಅಂದಾಗ ನನ್ನ ರೂಮಿನವರು ನಕ್ಕರು. "ನಮಗೂ ಪಾದ್ರಿಗೂ ಏನು ಸಂಬಂಧ ಮಾರಾಯ್ರೇ?" ಸಂಬಂಧ ಇದೆ. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದು, ಬಾರದ ಭಾಷೆಯಲ್ಲಿ ಕೆಲಸ ಮಾಡಬೇಕಾದವರು.

ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ. ಬಾಸೆಲ್ ಮಿಶನ್ ಕಡೆಯಿಂದ 1836ರಲ್ಲಿ ಮಂಗಳೂರಿಗೆ ಬಂದರು. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಗಳಂತೆ ಇವರೂ ಪ್ರೊಟೆಸ್ಟಂಟರು. ಜನರ ಭಾಷೆಯಲ್ಲೇ ಪ್ರಸಂಗ ಮಾಡುವುದು ಇವರ ಮುಖ್ಯ ಕೆಲಸ. (ನಮ್ಮ ಕರಾವಳಿಯಲ್ಲಿ ಪ್ರಸಂಗ ಅಂದರೆ ಯಕ್ಷಗಾನ, ಅದು ಬೇರೆ ಮಾತು.)

ಅವರ ಬೋಧನೆ ಮೃದುವಾಗಿರಲಿಲ್ಲ. ವಿಗ್ರಹಪೂಜೆಯನ್ನೂ ಜಾತಿಯನ್ನೂ ನೇರವಾಗಿ ಖಂಡಿಸಿದರು. 'ಜಾತಿ ವಿಚಾರಣೆ' ಎಂಬ ಪುಸ್ತಿಕೆಯನ್ನೇ ಬರೆದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಕ್ರೈಸ್ತರಾದಾಗ ಊರಿನಲ್ಲಿ ಗಲಭೆ ಎದ್ದಿತು. ಇದನ್ನೆಲ್ಲ ಮುಚ್ಚಿಟ್ಟು ಮೊಗ್ಲಿಂಗರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಅದೇ ಮನುಷ್ಯ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಬೆಲೆ ಎರಡು ದುಡ್ಡು. ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಶಾಯಿಯ ಉರುಳೆ ಆಡಿಸುತ್ತಾರೆ. ನೀರಿದ್ದ ಕಡೆ ಶಾಯಿ ಅಂಟುವುದಿಲ್ಲ, ಜಿಡ್ಡಿನ ಅಕ್ಷರಕ್ಕೆ ಮಾತ್ರ ಅಂಟುತ್ತದೆ. ದೇರಾದ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಇದು ಬೇಗ ಅರ್ಥವಾದೀತು. ಆಫ್‌ಸೆಟ್ ನಡೆಯುವುದೂ ಇದೇ ನೀರು-ಜಿಡ್ಡಿನ ಜಗಳದ ಮೇಲೆ.

ಪತ್ರಿಕೆಯಲ್ಲಿ ಊರ ಸುದ್ದಿ, ಸರ್ಕಾರದ ಕಾಯಿದೆ, ದೂರದೇಶದ ವರ್ತಮಾನ, ಕಥೆ, ಗಾದೆ ಎಲ್ಲ ಇರುತ್ತಿದ್ದವು. ಮರುವರ್ಷ ಅದು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ನನಗೆ ಇನ್ನೂ ಹೆಚ್ಚು ಅಚ್ಚರಿ ತರುವುದು ಅವರ ಮುಂದಿನ ಕೆಲಸ. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಪ್ರಸಂಗದಲ್ಲಿ ಯಾವ ದೇವರನ್ನು ಅಲ್ಲಗಳೆದರೋ ಅದೇ ದೇವರ ಹಾಡುಗಳು! ಜನರ ಮನಸ್ಸು ತಿಳಿಯದೆ ಅವರ ಮುಂದೆ ಬಾಯಿ ತೆರೆಯುವುದು ಹೇಗೆ ಎಂಬುದು ಅವರ ಲೆಕ್ಕ. ಮತಪ್ರಚಾರಕ್ಕೆ ಶುರುವಾದ ಲೆಕ್ಕ ಅಲ್ಲಿಗೇ ನಿಂತಿರಲಾರದು ಅಂತ ನನ್ನ ಅನಿಸಿಕೆ. ನಮ್ಮಜ್ಜಿ ಮಜ್ಜಿಗೆ ಕಡೆಯುತ್ತಾ ಹೇಳುತ್ತಿದ್ದ ಪುರಂದರದಾಸರ ಪದಗಳನ್ನು ಕಷ್ಟಪಟ್ಟು ಜರ್ಮನ್ ಭಾಷೆಗೂ ಮಾಡಿದರಲ್ಲ, ಅದು ಯಾವ ಮಂಗಳೂರಿಗರನ್ನು ಮತಾಂತರಿಸಲು?

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲೆ ಊರಿಗೆ ಮರಳಿದವರು 1881ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು. ಅವರ ಪತ್ರಿಕೆ ಹೊರಟ ಜುಲೈ 1ನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ.